ದಾರ, ಮೂರು ಹಲ್ಲು, ಗರಗಸ

ಆಗಸ್ಟ್ 17, ಭಾನುವಾರ

ಈ ಡೈರಿ ಯಾವುದೋ ಸಿಮೆಂಟಿನವರು ಮಗ ದಿನೇಶನ ಅಂಗಡಿಗೆ ಕೊಟ್ಟದ್ದು. ಜನವರಿಯಿಂದ ಸೊಸೆ ಅರ್ಪಿತ ಇದರ ಮೇಲೆ ಬಿಸಿ ಕುಕ್ಕರ್ ಇಡುತ್ತಿದ್ದಾಳೆ, ರಟ್ಟಿನ ಮೇಲೆ ದುಂಡಗೆ ಸುಟ್ಟ ಗುರುತಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತು ತಪ್ಪಿದರೆ ತಪ್ಪಲಿ, ಓದುವವರು ಯಾರಿದ್ದಾರೆ? ಈ ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು ಮೂವರೂ ಫೋನು ಹಿಡಿದು ಕಳೆ ಕೀಳುವವರ ಹಾಗೆ ತಲೆ ಬಗ್ಗಿಸಿಯೇ ಇರುತ್ತಾರೆ. ಮಾತಾಡಿಸಿದರೆ "ಹ್ಞಾಂ?" ಅನ್ನುತ್ತಾರೆ. ಹೇಳಿದ್ದನ್ನೇ ಎರಡು ಸಲ ಹೇಳಲು ನಾನೇನು ಬಸ್ ಕಂಡಕ್ಟರೇ?

ಇವತ್ತು ಊಟಕ್ಕೆ ಕೂತಾಗ ದಿನೇಶ್ ತಲೆ ಎತ್ತಿದ.

"ಅಮ್ಮ, ಗುಡ್ಡೆ ಜಾಗಕ್ಕೆ ಜೆಸಿಬಿ ಬಿಡ್ತೀನಿ. ಪಕ್ಕದ ಅಪಾರ್ಟ್‌ಮೆಂಟಿನೋರು ಹಾವು ಬರ್ತಾವೆ ಅಂತ ಕಂಪ್ಲೇಂಟ್ ಮೇಲೆ ಕಂಪ್ಲೇಂಟು. ಒಂದು ಗಂಟೆ ಕೆಲಸ."

ಗುಡ್ಡೆ ಜಾಗ ಎಂದರೆ, ಈ ವಸಂತಪುರದಲ್ಲಿ ನಮ್ಮ ಹೊಲವೆಲ್ಲ ಸೈಟಾಗಿ ಹೋದ ಮೇಲೆ ಉಳಿದ ಐದು ಗುಂಟೆ. ಮಾವ, ಅತ್ತೆ, ಮೈದುನ, ನಮ್ಮ ಯಜಮಾನರು ಬೈರಣ್ಣನವರು, ನಾಲ್ಕೂ ಜನ ಅಲ್ಲೇ ಮಣ್ಣಾಗಿದ್ದಾರೆ. ನಾಲ್ಕು ಕಲ್ಲು. ಯಜಮಾನರು ಹೋಗಿ ಎರಡು ವರ್ಷ, ಆಮೇಲೆ ಯಾರೂ ಕೈಹಾಕಿಲ್ಲ. ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಒಳಗೆ ಹೋಗಲು ದಾರಿಯಿಲ್ಲದೆ ಗೇಟಿನ ಹತ್ತಿರವೇ ಎಡೆ ಇಟ್ಟು ಬಂದೆವು, ಭಿಕ್ಷೆ ಇಟ್ಟ ಹಾಗೆ.

"ಒಂದು ಗಂಟೆ ಕೆಲಸಾನೇ ಕಣಪ್ಪ. ನಿಮ್ಮಪ್ಪನ ಎದೆ ಮೇಲೆ ಹತ್ತಿ ಇಳೀತದೆ. ಬದುಕಿದ್ದಾಗ ನಾನು ಅವ್ರನ್ನ ನೆಮ್ಮದಿಯಾಗಿ ಇರೋಕೆ ಬಿಡ್ಲಿಲ್ಲ, ಈಗ ನೀನು ಶುರು ಮಾಡ್ಬೇಡ."

"ಮತ್ತೆ ಆ ಕಾಡನ್ನ ಯಾರು ಕುಯ್ತಾರೆ ಅತ್ತೆ?" ಅಂದಳು ಅರ್ಪಿತ.

"ನಾನು."

ಮೂವರೂ ಒಟ್ಟಿಗೆ ನನ್ನ ಮುಖ ನೋಡಿದರು. ಈ ವರ್ಷದಲ್ಲಿ ಇದೇ ಮೊದಲು. ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ. ಅಷ್ಟರಲ್ಲಿ ಕಲ್ಲು ಕಾಣದಿದ್ದರೆ ಜೆಸಿಬಿ ಗ್ಯಾರಂಟಿ ಅಂದ ದಿನೇಶ್.

ಅವಳು ಇದ್ದಿದ್ದರೆ ಇಬ್ಬರೂ ಸೇರಿ ನಾಲ್ಕು ದಿನದಲ್ಲಿ ಕುಯ್ದು ಹಾಕುತ್ತಿದ್ದೆವು. ಅವಳೆಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ ಮುನಿಲಕ್ಷ್ಮಿ. ಗಂಡ ತೀರಿಕೊಂಡ ಮೇಲೂ ಇಲ್ಲೇ ಇದ್ದಳು. ಎಂಟು ವರ್ಷದ ಕೆಳಗೆ ಅತ್ತೆಯ ತಿಥಿ ದಿನ ಎಲೆಯ ಮುಂದಿನಿಂದ ಎದ್ದು ಯಡಿಯೂರಿನ ತಮ್ಮನ ಮನೆಗೆ ಹೋದವಳು ಮತ್ತೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಆವತ್ತು ಮೊಮ್ಮಗಳು ರಚ್ಚೆ ಹಿಡಿದಿದ್ದಳು. "ಮಗೂಗೆ ನಿದ್ದೆ ಬಂದಿದೆ, ಮೊದ್ಲು ಮಲಗ್ಸು ಅಕ್ಕ" ಎಂದು ಹೇಳಲು ಬಂದಳು. "ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ, ಮಕ್ಕಳ ಹಟ" ಅಂದೆ. ಅಷ್ಟೇ. ಅದಕ್ಕಿಂತ ಖಾರದ್ದು ಸಾವಿರ ಅಂದಿದ್ದೇನೆ, ನಗುತ್ತಿದ್ದಳು.

ಆಗಸ್ಟ್ 19, ಮಂಗಳವಾರ

ಯಜಮಾನರ ಹುಲ್ಲು ಕುಯ್ಯುವ ಮೆಷಿನ್ನು, ಬ್ರಷ್ ಕಟರ್, ಶೆಡ್ಡಿನಲ್ಲಿತ್ತು. ಹೊಲ ಹೋದ ಮೇಲೆ ಕೈ ಸುಮ್ಮನಿರದೆ ಖಾಲಿ ಸೈಟುಗಳ ಗಿಡ ಕುಯ್ದು ಕೊಡುತ್ತಿದ್ದರು. ನಾನು "ಬೆಂಗಳೂರಿಗೆಲ್ಲ ಕ್ಷೌರ ಮಾಡೋ ಕೆಲಸ" ಎಂದು ಆಡಿಕೊಳ್ಳುತ್ತಿದ್ದೆ. ಹಿಡಿಯ ಮೇಲೆ ಅವರು ಸುತ್ತಿದ್ದ ಸೈಕಲ್ ಟ್ಯೂಬು ಇನ್ನೂ ಹಾಗೇ ಇದೆ.

ಕೆಳಗಿನ ರೂಮಿನ ಬಾಡಿಗೆಯ ಬಸಪ್ಪ ಮಧ್ಯಾಹ್ನ ಅದನ್ನು ಬಿಚ್ಚಿ ಹರಡಿ ಕೂತ. ಕೊಪ್ಪಳದ ಕಡೆಯವನು, ಐವತ್ತು ದಾಟಿದೆ, ಜೆ.ಪಿ. ನಗರದ ಯಾವುದೋ ಪಾರ್ಕಿನಲ್ಲಿ ಇದೇ ಕೆಲಸ. ಅವನು ಮಾತಾಡಿದರೆ ಜಗಳಕ್ಕೆ ಬಂದ ಹಾಗಿರುತ್ತದೆ.

"ಯವ್ವಾ, ಎಂಜಿನ್ ಚಲೋ ಐತ್ರಿ. ಪೆಟ್ರೋಲದಾಗ ಆಯಿಲ್ ಕೂಡ್ಸಿ ಹಾಕಿದ್ರ ಹಾಡತದ."

"ಹಾಡೋದು ಬೇಡ ಬಿಡಪ್ಪ, ಅದಕ್ಕೆ ನಿನ್ನ ಗಂಟಲೇ ಸಾಕು. ಅದು ಕುಯ್ದರೆ ಸಾಕು."

ನಕ್ಕ. ದಡ್ಡನಿಗೆ ಬೈದರೂ ನಗು.

ಆಗಸ್ಟ್ 24, ಭಾನುವಾರ

ಮೈಯೆಲ್ಲ ನೋವು, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಬಸಪ್ಪ ಮೆಷಿನ್ನಿಗೆ ಹಾಕುವ ಮೂರು ಸಾಮಾನು ತಂದು ಕಲ್ಲಿನ ಮೇಲೆ ಇಟ್ಟ. ಒಂದು ನೈಲಾನ್ ದಾರ ಸುತ್ತಿದ ಡಬ್ಬಿ. ಒಂದು ಮೂರು ಹಲ್ಲಿನ ಬ್ಲೇಡು. ಇನ್ನೊಂದು ಸುತ್ತಲೂ ಹಲ್ಲಿರುವ ಗರಗಸದ ತಟ್ಟೆ.

ನನಗೆ ತಟ್ಟೆ ಹಿಡಿಸಿತು. "ಇದನ್ನೇ ಹಾಕು. ಇದು ಎಲ್ಲಾನೂ ಕುಯ್ತದೆ."

"ಹಂಗಲ್ರಿ ಯವ್ವಾ."

"ಹಂಗೇ. ಹಾಕು ಅಂದ್ರೆ ಹಾಕು."

ಹಾಕಿದ. ಗೇಟಿನ ಹತ್ತಿರ ಸೊಂಟದುದ್ದ ಹಸಿ ಹುಲ್ಲು. ಗರಗಸ ಎರಡು ಸುತ್ತು ಸುತ್ತಿತು, ಹುಲ್ಲೆಲ್ಲ ತಲೆಗೂದಲಿನ ಹಾಗೆ ಅದಕ್ಕೇ ಸುತ್ತಿಕೊಂಡು ಮೆಷಿನ್ ಉಸಿರು ಕಟ್ಟಿ ನಿಂತಿತು. ಬಸಪ್ಪ ಕೂತು ಹುಲ್ಲು ಬಿಡಿಸಿದ. ದಾರ ಹಾಕಿದ. ಆ ಹುಲ್ಲು ಬೆಣ್ಣೆಯ ಹಾಗೆ ಹೋಯಿತು. ಸ್ವಲ್ಪ ಮುಂದೆ ಕಾಂಗ್ರೆಸ್ ಗಿಡ, ಹರಳು ಗಿಡ, ಬಲಿತ ದಂಟು. ಅಲ್ಲಿ ದಾರ ಚಟಪಟ ಕಡಿಯಿತು. ಆಗ ಮೂರು ಹಲ್ಲು.

"ನೋಡ್ರಿ ಯವ್ವಾ, ಮೆತ್ತನ ಹುಲ್ಲಿಗೆ ದಾರ. ದಂಟಿಗೆ ಮೂರು ಹಲ್ಲು. ಕಟಿಗಿ ಆಗಿದ್ದಕ್ಕ ಗರಗಸ. ಎಲ್ಲಾದಕ್ಕೂ ಹರಿತಾದ್ದನ್ನ ಹಾಕಿದ್ರ ಕೆಲಸ ಆಗಂಗಿಲ್ರಿ."

"ನಂಗೇನು ಗೊತ್ತಿಲ್ವಾ?" ಅಂದೆ. ಗೊತ್ತಿರಲಿಲ್ಲ.

ಗೇಟಿನಿಂದ ಇಪ್ಪತ್ತು ಹೆಜ್ಜೆ ಆಯಿತು.

ಆಗಸ್ಟ್ 31, ಭಾನುವಾರ

ಇವತ್ತು ಲಾಂಟಾನ ಪೊದೆ. ಮುಳ್ಳು, ಒಳಗೆ ಕಟ್ಟಿಗೆಯಾದ ಬುಡ. ಗರಗಸ ಅದಕ್ಕೇ ಹುಟ್ಟಿದ್ದು. ಬುಡಕ್ಕೆ ಇಟ್ಟು ಒತ್ತಿದರೆ ಇಡೀ ಪೊದೆ ಸೀರೆ ಜಾರಿದ ಹಾಗೆ ಕುಸಿಯುತ್ತದೆ. ಬಸಪ್ಪ ಕುಯ್ದ, ನಾನು ಕವೆಗೋಲಿನಲ್ಲಿ ಎಳೆದು ರಾಶಿ ಹಾಕಿದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಒಬ್ಬಳು "ಆಂಟಿ, ಸೌಂಡ್ ಸ್ವಲ್ಪ ಕಮ್ಮಿ ಮಾಡ್ಸಿ, ವರ್ಕ್ ಕಾಲ್‌ನಲ್ಲಿದ್ದೀನಿ" ಅಂದಳು. "ಹಾವಿಗೆ ಹೇಳ್ತೀನಿ ಕಣಮ್ಮ, ಸೌಂಡಿಲ್ದೆ ನಿಮ್ಮನೆಗೆ ಬರೋಕೆ" ಅಂದೆ. ಕಿಟಕಿ ಮುಚ್ಚಿಕೊಂಡಳು.

ಹನ್ನೊಂದು ಗಂಟೆಗೆ ಯಜಮಾನರ ಕಲ್ಲು ಕಂಡಿತು. ಬಸಪ್ಪ ತಕ್ಷಣ ಎಂಜಿನ್ ಆರಿಸಿದ. "ಕಲ್ಲಿನ ಹತ್ರ ಬ್ಲೇಡ್ ಒಯ್ಯಬಾರದ್ರಿ. ಬಡದ್ರ ಹಲ್ಲು ಮುರದು ಹಾರತದ. ಇಲ್ಲಿ ದಾರ." ದಾರ ಹಾಕಿದವನೇ, ಏನನ್ನಿಸಿತೋ, ಮೆಷಿನ್ನಿನ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿದ. "ನೀವ ಮಾಡ್ರಿ. ನಿಮ್ಮ ಮನಿಯವ್ರದು."

ಎಂಟು ಕೆಜಿ ಇದೆ ಮೆಷಿನ್ನು. ಮೊದಲು ಹೆಗಲು ಜಗ್ಗಿತು, ಆಮೇಲೆ ಹದ ಸಿಕ್ಕಿತು. ಕಲ್ಲಿನ ಸುತ್ತ ಗರಿಕೆ ತೆಗೆದೆ. ದಾರ ಕಲ್ಲಿಗೆ ತಾಗಿದರೂ ಕಲ್ಲಿಗೆ ಏನೂ ಆಗಲಿಲ್ಲ.

"ಯವ್ವಾ, ಒಂದ ಮಾತು. ಗಿಡದ ಬುಡಕ್ಕ ಮಾತ್ರ ದಾರ ಒಯ್ಯಬ್ಯಾಡ್ರಿ. ಅಲ್ಲಿ ಕೈಲೇ ಕೀಳಬೇಕು."

"ಕಲ್ಲಿಗೆ ಏನೂ ಆಗ್ಲಿಲ್ಲ, ಗಿಡಕ್ಕೇನಾಗ್ತದೆ? ದಾರ ತಾನೇ" ಅಂದೆ.

ಮನೆಗೆ ಬಂದು "ಅಪ್ಪನ ಕಲ್ಲು ಸಿಕ್ತು" ಅಂದೆ. "ಸೂಪರ್ ಅಮ್ಮ" ಅಂದ ದಿನೇಶ್. ಫೋನಿನಿಂದ ಕಣ್ಣು ತೆಗೆಯಲಿಲ್ಲ. ಸಿಕ್ಕಿದ್ದು ಯಾರಿಗೆ ಹೇಳಬೇಕಿತ್ತೋ ಅವರು ಆ ಕಲ್ಲಿನ ಕೆಳಗಿದ್ದಾರೆ. ಇನ್ನೊಬ್ಬಳು ಯಡಿಯೂರಿನಲ್ಲಿದ್ದಾಳೆ.

ಸೆಪ್ಟೆಂಬರ್ 3, ಬುಧವಾರ

ಏನೂ ಇಲ್ಲ. ಮಳೆ. ಇಡೀ ದಿನ ನನ್ನ ಬಾಯಿಂದ ಬಂದದ್ದು ಎಂಟು ಮಾತು, ಅದರಲ್ಲಿ ನಾಲ್ಕು ಬೆಕ್ಕಿಗೆ.

ಸೆಪ್ಟೆಂಬರ್ 9, ಮಂಗಳವಾರ

ಬಸಪ್ಪನಿಗೆ ಡ್ಯೂಟಿ. ನಾನೊಬ್ಬಳೇ ಹೋದೆ. ಮೊನ್ನೆ ಭಾನುವಾರ ಮಿಕ್ಕ ಮೂರು ಕಲ್ಲೂ ಕಂಡವು, ಉಳಿದದ್ದು ಪೂರ್ವದ ಮೂಲೆ ಒಂದೇ. ಮೊಣಕಾಲುದ್ದ ಹುಲ್ಲು, ಮಧ್ಯೆ ಒಂದು ನಂದಿಬಟ್ಟಲು. ಯಾವಾಗಲೋ ದನ ತಿಂದು ಮೋಟಾಗಿ, ಮತ್ತೆ ಬುಡದಿಂದ ಹೆಬ್ಬೆರಳು ದಪ್ಪದ ಎರಡು ಕಾಂಡ ಬಂದಿವೆ. ಮೂರೇ ಮೂರು ಹೂವು.

ಈ ಮೂಲೆ ಕಂಡರೆ ನನಗೆ ಕೋಪ. ಯಜಮಾನರ ಮಣ್ಣಿಗೆ ಮುನಿಲಕ್ಷ್ಮಿ ಬಂದಿದ್ದಳು. ಒಂದು ಹಿಡಿ ಮಣ್ಣು ಹಾಕಿದವಳು ನನ್ನ ಹತ್ತಿರ ಬರದೆ ಈ ಮೂಲೆಗೆ ಬಂದು ಬೆನ್ನು ತಿರುಗಿಸಿ ನಿಂತಳು, ಹಾಗೇ ಹೋದಳು. ಗಂಡ ಸತ್ತವಳ ಮುಂದೆಯೂ ಅಷ್ಟು ಸೊಕ್ಕು.

ದಾರ ಹಾಕಿ ಹುಲ್ಲನ್ನೆಲ್ಲ ಬುಡಕ್ಕಂಟ ಸವರಿದೆ. ಗಿಡದ ಸುತ್ತ ಬಗ್ಗಿ ಕೈಯಲ್ಲಿ ಕೀಳಲು ಸೊಂಟ ಬರಲಿಲ್ಲ. ದಾರವನ್ನೇ ಎರಡು ಸುತ್ತು ತಿರುಗಿಸಿದೆ. ಮೆಷಿನ್ ಆರಿಸಿ ನೋಡಿದರೆ ಎರಡೂ ಕಾಂಡದ ಸಿಪ್ಪೆ ಸುತ್ತಲೂ ಸುಲಿದು ಹೋಗಿತ್ತು. ಬಿಳಿ ಹಾಲು ಸುರಿಯುತ್ತಿತ್ತು.

ಹೋಗಲಿ, ಒಂದು ಗಿಡ. ಮಣ್ಣು ಮೆತ್ತಿ ಬಂದೆ. ಜಾಗವೆಲ್ಲ ಕ್ಲೀನ್ ಆಯಿತು. ಜೆಸಿಬಿ ಬರುವುದಿಲ್ಲ. ಗೆದ್ದೆ.

ಸೆಪ್ಟೆಂಬರ್ 10, ಬುಧವಾರ

ಸಂಜೆ ಬಸಪ್ಪನಿಗೆ ತೋರಿಸಲು ಕರೆದುಕೊಂಡು ಹೋದೆ. ಎಲ್ಲ ನೋಡಿ ತಲೆ ಆಡಿಸಿದ. ಮೂಲೆಗೆ ಹೋದವನು ಕುಕ್ಕರಗಾಲಿನಲ್ಲಿ ಕೂತ. ಎಲೆ ಇನ್ನೂ ಹಸಿರಾಗಿಯೇ ಇತ್ತು.

"ದಾರ ಹಚ್ಚಿದ್ರೇನ್ರಿ?"

"ಸ್ವಲ್ಪ ತಾಗ್ತು."

"ಬ್ಲೇಡ್ ಬಡದಿದ್ರ ತುಂಡ ಆಗತಿತ್ರಿ, ಮತ್ತ ಚಿಗಿತಿತ್ತು. ದಾರ ತೊಗಲ ಸುಲೀತದ. ಮ್ಯಾಲ ಎಲಿ ಹಸರ ಕಾಣತದ, ಒಳಗ ಸಾಯತದ." ಆಮೇಲೆ ಸುತ್ತ ನೋಡಿ ಕೇಳಿದ, "ನಂದಿಬಟ್ಟಲ ಕಾಡಿನಾಗ ತಾನ ಹುಟ್ಟೂದಲ್ರಿ. ಇಲ್ಲಿ ಯಾರು ಹಚ್ಚಿದ್ರು?"

ನಾನು "ಯಾರೋ" ಅಂದೆ. ಅಂದ ಮೇಲೆ ನೆನಪಾಯಿತು.

ನಮ್ಮ ಮನೆಯ ಪದ್ಧತಿ. ದೊಡ್ಡವರಿಗೆ ಕಲ್ಲು. ಹೆಸರಿಡುವ ಮುಂಚೆ ಹೋದ ಕೂಸಿಗೆ ಕಲ್ಲಿಲ್ಲ, ಒಂದು ಹೂವಿನ ಗಿಡ.

ನಾನು ದಿನೇಶನ ಹೆರಿಗೆಗೆ ಎಂದು ತವರಿಗೆ ಹೋಗಿದ್ದೆ. ಇಲ್ಲಿ ಮುನಿಲಕ್ಷ್ಮಿಗೆ ಗಂಡು ಮಗು ಆಗಿ ಒಂಬತ್ತು ದಿನಕ್ಕೆ ಹೋಯಿತು. ನಾನು ಮೂರು ತಿಂಗಳ ಮಗು ಎತ್ತಿಕೊಂಡು ವಾಪಸು ಬಂದಾಗ ಅತ್ತೆ ಬಾಗಿಲಲ್ಲೇ ಹೇಳಿದ್ದರು: "ಅವಳ ಮುಂದೆ ಆ ಮಾತು ಎತ್ತಬೇಡ." ನಾನು ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ನಲವತ್ತ ನಾಲ್ಕು ವರ್ಷ. ಎತ್ತದೆ ಎತ್ತದೆ ನಾನು ಮರೆತೇಬಿಟ್ಟೆ.

ಅವಳು ಆ ದಿನ ಬೆನ್ನು ತಿರುಗಿಸಿ ನಿಂತದ್ದು ನನಗಲ್ಲ.

ಮತ್ತೆ ನಾನು ತಿಥಿಯ ದಿನ ಅಂದ ಮಾತು.

ಸೆಪ್ಟೆಂಬರ್ 11, ಗುರುವಾರ

ಬರೆಯಲು ಆಗುತ್ತಿಲ್ಲ.

ಸೆಪ್ಟೆಂಬರ್ 13, ಶನಿವಾರ

ಹೇಳದೆ ಇರಬಹುದು. ಅವಳು ಎಂಟು ವರ್ಷದಿಂದ ಎಡೆಗೆ ಬಂದಿಲ್ಲ, ಇನ್ನು ಬರುವುದೂ ಇಲ್ಲ. ಗಿಡ ಒಣಗಿದರೆ ಯಾರಿಗೆ ಗೊತ್ತಾಗುತ್ತದೆ? ಬೆಳಿಗ್ಗೆಯೆಲ್ಲ ಹೀಗೇ ಅಂದುಕೊಂಡು ಅನ್ನದ ಕುಕ್ಕರಿಗೆ ನೀರು ಹಾಕುವುದನ್ನೇ ಮರೆತೆ. ಅರ್ಪಿತ ಏನೋ ಅಂದಳು. ನಾನು ತಿರುಗಿಸಿ ಅನ್ನಲಿಲ್ಲ. ಅವಳಿಗೇ ಗಾಬರಿಯಾಗಿ "ಅತ್ತೆ, ಹುಷಾರಿಲ್ವಾ?" ಅಂದಳು.

ಮಧ್ಯಾಹ್ನ ಮೆಟ್ರೋ ಹತ್ತಿ ಜಯನಗರದಲ್ಲಿ ಇಳಿದು ಆಟೋದಲ್ಲಿ ಯಡಿಯೂರಿಗೆ ಹೋದೆ. ಕೆರೆಯ ಪಕ್ಕದ ಬೀದಿ, ಅವಳ ತಮ್ಮನ ಮನೆ. ಕಾಂಪೌಂಡಿನ ಒಳಗೆ ಸಾಲಾಗಿ ಕುಂಡ. ಎಲ್ಲದರಲ್ಲೂ ನಂದಿಬಟ್ಟಲು. ಎಣಿಸಲಿಲ್ಲ. ಗೇಟು ಹಿಡಿದು ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ.

ಸೆಪ್ಟೆಂಬರ್ 16, ಮಂಗಳವಾರ

ಇವತ್ತು ಬೆಲ್ ಒತ್ತಿದೆ.

ಲಕ್ಷ್ಮಿಯೇ ಬಾಗಿಲು ತೆಗೆದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ, ಬಾಗಿಲು ತೆರೆದೇ ಬಿಟ್ಟು ಒಳಗೆ ಹೋದಳು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವಳು ಮತ್ತೆ ಅದರ ಮುಂದೆಯೇ ಕೂತಳು.

"ಕಾಫಿ ಕುಡೀತೀಯಾ? ಸಕ್ಕರೆ ಹಾಕ್ಬೋದಾ?"

"ಹಾಕು. ಶುಗರ್ ಇನ್ನೂ ನನ್ನ ಹತ್ರ ಬರೋಕೆ ಹೆದರ್ತದೆ."

ಮೊದಲಾಗಿದ್ದರೆ ನಗುತ್ತಿದ್ದಳು. ಕಾಫಿ ತಂದಿಟ್ಟಳು. ನಾನು ಲೋಟ ಹಿಡಿದುಕೊಂಡೇ ಹೇಳಿದೆ.

"ಲಕ್ಷ್ಮೀ, ಗುಡ್ಡೆ ಜಾಗದ ಮೂಲೇಲಿ ನಂದಿಬಟ್ಟಲು ಇದ್ಯಲ್ಲ. ನಾನು ಹಾಳು ಮಾಡ್ದೆ."

"ಕುಯ್ದ್ಯಾ?"

"ಕುಯ್ಲಿಲ್ಲ. ಹುಲ್ಲು ತೆಗೆಯೋಕೆ ಹೋಗಿ ಮೆಷಿನ್ ದಾರದಲ್ಲಿ ಸಿಪ್ಪೆ ಸುಲಿದುಬಿಟ್ಟೆ. ಸುತ್ತಾ."

ಸೊಪ್ಪು ಬಿಡಿಸುವ ಕೈ ನಿಂತಿತು.

"ಅದು ಯಾವ ಗಿಡ ಅಂತ ಗೊತ್ತಿತ್ತಾ ನಿಂಗೆ?"

"ಮರೆತಿದ್ದೆ."

"ಅತ್ತೆ ತಿಥಿ ದಿನಾನೂ?"

"ಆವತ್ತೂ ಮರೆತಿದ್ದೆ ಕಣೆ."

ಅವಳು ಒಂದು ದಂಟು ಬಿಡಿಸಿ ತಟ್ಟೆಗೆ ಹಾಕಿದಳು. ಆಮೇಲೆ ಮೆಲ್ಲಗೆ, ಸೊಪ್ಪಿಗೆ ಹೇಳುವ ಹಾಗೆ, ಹೇಳಿದಳು. "ಎಂಟು ವರ್ಷ ನೀನು ಬೇಕೂಂತ ಅಂದೆ ಅಂದ್ಕೊಂಡಿದ್ದೆ ಅಕ್ಕ. ಬಾಯಿ ಕೆಟ್ಟದ್ದು, ಚುಚ್ಚೋಕೆ ಅಂತ ಅಂದ್ಲು ಅಂತ. ಹಾಗೇ ಆಗಿದ್ರೆ ಚೆನ್ನಾಗಿತ್ತು. ನನ್ನ ಬಿಟ್ಟರೆ ನೀನೊಬ್ಬಳಾದ್ರೂ ನೆನಪಿಟ್ಕೊಂಡಿದ್ದೀಯ ಅಂತಾಗ್ತಿತ್ತು."

ನಾನು ಲೋಟ ಕೆಳಗಿಟ್ಟೆ.

"ಹೆತ್ತಿದ್ದೆ ಅಕ್ಕ" ಅಂದಳು. "ಒಂಬತ್ತು ದಿನ ಇಟ್ಕೊಂಡಿದ್ದೆ."

ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಹಾಗೇ ಕುಡಿದೆ. ಹೊರಡುವಾಗ ಬಸಪ್ಪ ಹೇಳಿದ್ದನ್ನು ಹೇಳಿದೆ. ಗಾಯದ ಕೆಳಗೆ ನೀಟಾಗಿ ಕುಯ್ದರೆ ಬುಡದಿಂದ ಚಿಗುರಿದರೂ ಚಿಗುರಬಹುದು, ಹಾಗೇ ಬಿಟ್ಟರೆ ಖಂಡಿತ ಒಣಗುತ್ತದೆ. ಅದನ್ನು ನಿರ್ಧಾರ ಮಾಡುವವಳು ನಾನಲ್ಲ. ಅಮಾವಾಸ್ಯೆಗೆ ಬಾ ಅಂದೆ.

"ನೋಡ್ತೀನಿ."

ಗೇಟಿನ ತನಕ ಬಂದಳೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ. ಧೈರ್ಯ ಬರಲಿಲ್ಲ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ನಾಲ್ಕು ಕಲ್ಲಿನ ಮುಂದೆ ನಾಲ್ಕು ಎಲೆ ಹಾಕಿ ಮುದ್ದೆ, ಸಾರು, ವಡೆ, ಪಾಯಸ, ಯಜಮಾನರಿಗೆ ಬೀಡಿ, ಎಲ್ಲ ಇಟ್ಟೆವು. "ಶುರು ಮಾಡೋಣ್ವಾ ಅಮ್ಮ?" ಎಂದು ದಿನೇಶ್ ಎರಡು ಸಲ ಕೇಳಿದ. ಇರು ಅಂದೆ. ಮೂರನೇ ಸಲ ಕೇಳುವಾಗ ಗೇಟಿನ ಹತ್ತಿರ ಆಟೋ ನಿಂತಿತು.

ಲಕ್ಷ್ಮಿ ಕೈಯಲ್ಲಿ ಸ್ಟೀಲ್ ಡಬ್ಬಿ, ಒಂದು ಸಣ್ಣ ಬಾಳೆ ಎಲೆ. ನೇರ ಮೂಲೆಗೆ ಹೋದಳು. ಗಿಡದ ಎಲೆ ಅರ್ಧ ಹಳದಿ. ಬಗ್ಗಿ ಗಾಯದ ಮೇಲೆ ಬೆರಳಾಡಿಸಿದಳು.

ದಿನೇಶ್ ಹತ್ತಿರ ಬಂದ. "ಏನು ಚಿಕ್ಕಮ್ಮ, ಆ ಗಿಡದಲ್ಲಿ?"

ನಾನು ಹೇಳಬೇಕು ಎನ್ನುವಷ್ಟರಲ್ಲಿ ಅವಳೇ ಹೇಳಿದಳು. "ನಿನಗಿಂತ ಎರಡು ತಿಂಗಳಿಗೆ ದೊಡ್ಡೋನು ಕಣಪ್ಪ. ಇಲ್ಲಿ ಮಲಗವ್ನೆ."

ದಿನೇಶ್ ಫೋಟೋ ತೆಗೆಯಲು ಹಿಡಿದಿದ್ದ ಫೋನನ್ನು ಜೇಬಿಗೆ ಹಾಕಿದ. ನನ್ನ ಮುಖ ನೋಡಿದ. ನಾನು ಹೌದು ಎಂದು ತಲೆ ಆಡಿಸಿದೆ.

ಬಸಪ್ಪ ಗರಗಸದ ತಟ್ಟೆ ಹಾಕಿದ ಮೆಷಿನ್ ಹಿಡಿದು ದೂರ ನಿಂತಿದ್ದ. ಲಕ್ಷ್ಮಿ ಬೇಡ ಎಂದು ಕೈ ಮಾಡಿದಳು. ನಾನು ಎಲೆ ಕತ್ತರಿಸಲು ತಂದಿದ್ದ ಕುಡುಗೋಲು ಎತ್ತಿ ಕೊಟ್ಟೆ. ತೆಗೆದುಕೊಂಡವಳು ಅಂಚಿನ ಮೇಲೆ ಹೆಬ್ಬೆರಳಿಟ್ಟು ನೋಡಿ, ತಿರುಗಿ ನನ್ನ ಕೈಗೇ ಕೊಟ್ಟಳು.

"ನೀನೇ ಕುಯ್ಯಿ ಅಕ್ಕ. ಒಂದೇ ಏಟಿಗೆ."

ಅವಳು ಕಾಂಡ ಹಿಡಿದುಕೊಂಡಳು. ಅವಳ ಬೆರಳು ನನ್ನ ಕುಡುಗೋಲಿನಿಂದ ನಾಲ್ಕು ಅಂಗುಲ ದೂರ. ಎಷ್ಟೋ ರಾಗಿ ಕುಯ್ದ ಕೈ ಇದು, ಆದರೂ ಗಾಯದ ಕೆಳಗೆ ಅಂಚನ್ನು ಎರಡು ಸಲ ಇಟ್ಟು ನೋಡಿಕೊಂಡೆ. ಒಂದೊಂದು ಕಾಂಡಕ್ಕೆ ಒಂದೊಂದೇ ಏಟು. ಹಾಲು ಬಂತು. ಅವಳು ಸೆರಗಿನ ತುದಿಯಲ್ಲಿ ಒತ್ತಿ ಹಿಡಿದಳು.

ಆಮೇಲೆ ಸಣ್ಣ ಎಲೆ ಹಾಸಿ ಡಬ್ಬಿಯಿಂದ ಹಾಲು ಅನ್ನ ಬಡಿಸಿದಳು. ಐದು ಎಲೆ ಆಯಿತು.

ಊಟ ಮಾಡಿಕೊಂಡು ಹೋಗು ಅಂದೆ. ಇವತ್ತು ಬೇಡ ಅಂದಳು. ಆಟೋದಲ್ಲಿ ಕೂತ ಮೇಲೆ "ನೀರು ಜಾಸ್ತಿ ಹಾಕ್ಬೇಡ, ಬುಡ ಕೊಳೀತದೆ" ಅಂದಳು. ಅಷ್ಟೇ.

ಮನೆಗೆ ಬಂದ ಮೇಲೆ "ಅಮ್ಮ ಇವತ್ತು ಯಾಕೆ ಯಾರಿಗೂ ಬೈದಿಲ್ಲ?" ಎಂದು ದಿನೇಶ್ ಅರ್ಪಿತಳನ್ನು ಕೇಳುತ್ತಿದ್ದ. ಗಂಟಲಿಗೆ ಕಾಂಗ್ರೆಸ್ ಗಿಡದ ಧೂಳು ಹೋಗಿದೆ, ಇನ್ನೇನು.

ಅಕ್ಟೋಬರ್ 5, ಭಾನುವಾರ

ಇನ್ನೂ ಚಿಗುರಿಲ್ಲ. ಎರಡು ಮೋಟು ಹಾಗೇ ನಿಂತಿವೆ. ಲಕ್ಷ್ಮಿ ಫೋನ್ ಮಾಡಿದ್ದಳು. "ಬಂತಾ?" ಅಂದಳು. ಇಲ್ಲ ಅಂದೆ. ಹ್ಞೂಂ ಅಂದು ಇಟ್ಟಳು. ಹೋದ ಭಾನುವಾರವೂ ಇಷ್ಟೇ ಮಾತಾಡಿದ್ದು. ಬರುವ ಭಾನುವಾರವೂ ಮಾಡುತ್ತಾಳೆ ಅನ್ನಿಸುತ್ತದೆ. ಬೆಳಿಗ್ಗೆಯಿಂದ ಫೋನನ್ನು ಸೊಂಟಕ್ಕೇ ಸಿಕ್ಕಿಸಿಕೊಂಡಿದ್ದೆ.

ಮಳೆಗೆ ಹುಲ್ಲು ಮತ್ತೆ ಬೆರಳುದ್ದ ಬಂದಿದೆ. ಬಸಪ್ಪ ದಾರ ಹಾಕಿ ಗೇಟಿನಿಂದ ಕಲ್ಲಿನ ತನಕ ಸವರಿದ. ಮೂಲೆಯ ಹತ್ತಿರ ಬಂದು ಎಂಜಿನ್ ಆರಿಸಿ, "ಇಲ್ಲಿಗೆ ಯಾವುದ ಹಾಕ್ಲ್ರಿ ಯವ್ವಾ?" ಎಂದು ಕೇಳಿದ.

ಯಾವುದೂ ಬೇಡಪ್ಪ ಅಂದೆ. ಕೂತು ಕೈಯಲ್ಲೇ ಕಿತ್ತೆ. ಹೊತ್ತು ಹಿಡಿಯಿತು.